ಹತ್ತೊಂಬತ್ತನೇ ಗೇಟು ಮತ್ತು ದೂರದ ಸಿಟ್ಟು

2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟು ಆಗ ತುಂಬಿತ್ತು, ಸುಮಾರು 105 ಟಿಎಂಸಿ ನೀರಿತ್ತು. ಬೆಳಕು ಹರಿಯುವ ಹೊತ್ತಿಗೆ ಆ ಕಿಂಡಿಯಿಂದ ನೀರು ಭೋರ್ಗರೆಯುವ ವಿಡಿಯೊ ಹಂಪಿ, ಕಂಪ್ಲಿ, ಎಮ್ಮಿಗನೂರಿನ ಮನೆಗಳನ್ನಷ್ಟೇ ಅಲ್ಲ, ಆ ಊರುಗಳ ಮಕ್ಕಳು ಕೆಲಸಕ್ಕೆ ಹೋಗಿ ನೆಲೆಸಿದ ದೂರದ ದೇಶಗಳ ಫೋನುಗಳನ್ನೂ ತಲುಪಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಜಗಳವೂ ಶುರುವಾಯಿತು. ರಾಜ್ಯ ಸರ್ಕಾರದ ನಿರ್ಲಕ್ಷ್ಯವೇ ಇದಕ್ಕೆ ಕಾರಣ ಎಂದು ವಿರೋಧ ಪಕ್ಷ ಹೇಳಿತು. ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಯದು, ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಎಂದು ಆಳುವ ಪಕ್ಷ ತಿರುಗೇಟು ನೀಡಿತು. ಎರಡೂ ಕಡೆಯ ಬೆಂಬಲಿಗರು ಈ ಎರಡು ವಾಕ್ಯಗಳನ್ನು ಹಿಡಿದುಕೊಂಡು ಒಂದು ವಾರ ಹೊಡೆದಾಡಿದರು. ಅದೇ ವಾರ ಅಣೆಕಟ್ಟಿನ ಮೇಲೆ ಬೇರೆಯೇ ಕೆಲಸ ನಡೆದಿತ್ತು. ಹಿರಿಯ ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಸ್ಟಾಪ್‌ಲಾಗ್ ತಯಾರಾಯಿತು. ಅರವತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಉಕ್ಕಿನ ತುಂಡುಗಳು, ಒಟ್ಟು ಐದು. ಕ್ರೇನಿಗೆ ತೂಗುಹಾಕಿದ ತುಂಡನ್ನು ಹರಿಯುವ ನೀರಿನಲ್ಲೇ ಗೇಟಿನ ಸಂದಿಗೆ ಕೂರಿಸಬೇಕಿತ್ತು. ಒಂದು ಅಂಗುಲ ವಾಲಿದರೂ ಸಿಕ್ಕಿಕೊಳ್ಳುವ ಕೆಲಸ ಅದು. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು, ಮರುದಿನ ಕಿಂಡಿ ಮುಚ್ಚಿತು.

ಆ ವಾರ ಯಾವ ಪಕ್ಷ ಹೇಳಿದ್ದು ಸರಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆಯೊಂದು ನನ್ನನ್ನು ಕಾಡುತ್ತದೆ. ಗೇಟು ಕೂತ ಮೇಲೆ ಆ ಸಿಟ್ಟೆಲ್ಲ ಎಲ್ಲಿ ಹೋಯಿತು? ಹೊಳೆ ತುಂಬಿದಾಗಲೆಲ್ಲ ನೀರಿನಡಿ ಹೋಗುವ ಕಂಪ್ಲಿ–ಗಂಗಾವತಿ ಸೇತುವೆಯ ಆಚೀಚೆ ಇರುವವರಿಗೆ, ಕಾಲುವೆ ನೀರು ನಂಬಿ ಭತ್ತ ನಾಟಿ ಮಾಡುವ ಎಮ್ಮಿಗನೂರು ಸುತ್ತಿನ ರೈತರಿಗೆ ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ. ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಎಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ ಅಣೆಕಟ್ಟಿನಲ್ಲಿ ನಿಲ್ಲಿಸುವ ನೀರಿಗೆ 80 ಟಿಎಂಸಿಯ ಮಿತಿ ಬಿತ್ತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಯ ನೀರನ್ನೇ ನಿಲ್ಲಿಸುವ ಮಾತು ಬಂತು. ರೈತನ ಒಂದು ವರ್ಷದ ಅರ್ಧ ಆದಾಯದ ಪ್ರಶ್ನೆಯಿದು. ಇದಕ್ಕೆ ಬೀದಿಗಿಳಿದವರು ರೈತರೇ. 2024ರ ಆಗಸ್ಟ್‌ನಲ್ಲಿ ದೇಶ ವಿದೇಶಗಳಿಂದ ಉಕ್ಕಿದ ಆಕ್ರೋಶದಲ್ಲಿ ಹತ್ತರಲ್ಲೊಂದು ಪಾಲೂ ಅವರ ಬೆನ್ನಿಗೆ ನಿಲ್ಲಲಿಲ್ಲ. ಮೊದಲಿನ ಜಗಳದಲ್ಲಿ ಎರಡು ಪಕ್ಷಗಳಿದ್ದವು, ಎರಡನೆಯದರಲ್ಲಿ ಇದ್ದದ್ದು ಬರೀ ನೀರಿನ ಲೆಕ್ಕ.

ರಾಜಕೀಯ ಧ್ರುವೀಕರಣ ಎಂದು ನಾವು ಕರೆಯುವುದು ಇದನ್ನೇ. ಭಿನ್ನಾಭಿಪ್ರಾಯ ಹೆಚ್ಚಾಗುವುದು ಧ್ರುವೀಕರಣವಲ್ಲ, ಅದು ಪ್ರಜಾಪ್ರಭುತ್ವದ ಆರೋಗ್ಯ. ಎದುರಿನವರು ಏನು ಹೇಳಿದರು ಎನ್ನುವುದಕ್ಕಿಂತ ಅವರು ಯಾರ ಕಡೆಯವರು ಎನ್ನುವುದು ಮುಖ್ಯವಾದಾಗ ಧ್ರುವೀಕರಣ ಶುರುವಾಗುತ್ತದೆ. ನಮ್ಮವರು ತುಂಬ ಮಂದಿ ಹೋಗಿ ನೆಲೆಸಿರುವ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ, ಹೌದು ಎಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ಐವರನ್ನು ದಾಟಿರಲಿಲ್ಲ. 2010ರಲ್ಲಿ ಅಂಥದೇ ಪ್ರಶ್ನೆ ಕೇಳಿದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರನೇ ಒಂದರಷ್ಟು ಜನ ಹೌದು ಎಂದರು. ಐವತ್ತು ವರ್ಷಗಳಲ್ಲಿ ಪಕ್ಷವೆನ್ನುವುದು ಜಾತಿಯಂತಾಯಿತು. ಅದನ್ನು ಓದುವ ಕನ್ನಡಿಗನಿಗೆ ಆಶ್ಚರ್ಯವಾಗುವುದಿಲ್ಲ, ಮದುವೆಯ ಪ್ರಶ್ನೆಯಲ್ಲಿ ಎಷ್ಟು ಬೇಲಿಗಳಿರುತ್ತವೆ ಎಂಬುದು ನಮಗೆ ಹೊಸದಲ್ಲ. ಈಗ ಆ ಬೇಲಿಗಳ ಜೊತೆಗೆ 'ಭಕ್ತ', 'ಗುಲಾಮ' ಎಂಬ ಎರಡು ಬೈಗುಳಗಳೂ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಕೂತಿವೆ. ಅಣ್ಣತಮ್ಮಂದಿರ ನಡುವೆಯೂ ಅವು ಓಡಾಡುತ್ತವೆ. ಒಮ್ಮೆ ಈ ಹಣೆಪಟ್ಟಿ ಬಿತ್ತೆಂದರೆ ಗೇಟಿನ ಚೈನ್ ಯಾಕೆ ತುಂಡಾಯಿತು ಎಂದು ಕೇಳುವವನ ಪ್ರಶ್ನೆಯೂ ಯಾವುದೋ ಪಕ್ಷದ ಪ್ರಶ್ನೆಯಾಗಿ ಕೇಳಿಸುತ್ತದೆ.

ಈ ವಾತಾವರಣದಲ್ಲಿ ತೋರಿಕೆಯ ಹೋರಾಟ ಚೆನ್ನಾಗಿ ಬೆಳೆಯುತ್ತದೆ. ನಾನು ಯಾರ ಕಡೆಯವನು ಎಂದು ನನ್ನವರಿಗೆ ತಿಳಿಸುವುದೇ ಅದರ ಕೆಲಸ. ಸ್ಟೇಟಸ್ ಹಾಕಿದ ಕ್ಷಣಕ್ಕೆ ಆ ಕೆಲಸ ಮುಗಿಯುತ್ತದೆ, ಸಮಸ್ಯೆ ಬಗೆಹರಿಯಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಕೆನಡಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಸರಳವಾಗಿ ತೋರಿಸುತ್ತದೆ. ಅಲ್ಲಿ ಯುದ್ಧದಲ್ಲಿ ಮಡಿದವರ ನೆನಪಿಗೆ ಎದೆಯ ಮೇಲೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಳ್ಳುವ ರೂಢಿಯಿದೆ. ಕೆಲವರಿಗೆ ಹೂವನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿದರು, ಕೆಲವರಿಗೆ ಲಕೋಟೆಯೊಳಗಿಟ್ಟು ಕೊಟ್ಟರು. ಸ್ವಲ್ಪ ಮುಂದೆ ಹೋದ ಮೇಲೆ ಎರಡೂ ಗುಂಪಿನವರನ್ನು ಅದೇ ಉದ್ದೇಶಕ್ಕೆ ದೇಣಿಗೆ ಕೇಳಿದರು. ಲಕೋಟೆಯವರು ಹೆಚ್ಚು ಕೊಟ್ಟರು, ಎದೆಯ ಮೇಲೆ ಹೂವಿದ್ದವರು ಅವರಿಗಿಂತ ಬಹಳ ಕಡಿಮೆ ಕೊಟ್ಟರು. ಎದೆಯ ಹೂವು ಆಗಲೇ ಅವರ ಪರವಾಗಿ ಮಾತಾಡಿ ಮುಗಿಸಿತ್ತು. ಸುಡಾನಿನ ಡಾರ್ಫರ್ ಜನರನ್ನು ಉಳಿಸಲು ಫೇಸ್‌ಬುಕ್‌ನಲ್ಲಿ ಹುಟ್ಟಿದ ಗುಂಪಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿ ಆ ಗುಂಪಿನ ಮೂಲಕ ಒಂದು ಕಾಸೂ ಕೊಡಲಿಲ್ಲ ಎಂದು ಲೆಕ್ಕ ಹಾಕಿದವರು ಹೇಳಿದ್ದಾರೆ.

ಹೊರದೇಶದಲ್ಲಿರುವವರ ವಿಷಯಕ್ಕೆ ಬಂದಾಗ ಇದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ರಾಷ್ಟ್ರೀಯತೆಯ ಬಗ್ಗೆ ಆಳವಾಗಿ ಬರೆದ ಬೆನೆಡಿಕ್ಟ್ ಆ್ಯಂಡರ್ಸನ್ 1992ರಲ್ಲೇ 'ದೂರದ ರಾಷ್ಟ್ರೀಯತೆ' ಎಂಬ ಮಾತನ್ನು ಮುಂದಿಟ್ಟಿದ್ದರು. ದೂರದಲ್ಲಿದ್ದು ತಾಯ್ನಾಡಿನ ರಾಜಕೀಯದಲ್ಲಿ ತೊಡಗುವವನು ಅಲ್ಲಿ ತೆರಿಗೆ ಕಟ್ಟುವುದಿಲ್ಲ, ಅಲ್ಲಿನ ಕೋರ್ಟಿಗೆ ಹಾಜರಾಗುವುದಿಲ್ಲ, ತಾನು ಬೆಂಬಲಿಸಿದ್ದರ ಫಲವನ್ನು ಉಣ್ಣುವುದಿಲ್ಲ ಎಂಬುದು ಅವರ ತಕರಾರಿನ ಸಾರ. ನಮ್ಮ ಮತದಾನದ ಅಂಕಿ ಈ ತಕರಾರಿಗೆ ಸಾಕ್ಷಿಯಂತೆ ಕಾಣುತ್ತದೆ. ಭಾರತದ ಪೌರತ್ವ ಉಳಿಸಿಕೊಂಡು ಹೊರದೇಶದಲ್ಲಿರುವವರು ಒಂದು ಕೋಟಿಗೂ ಹೆಚ್ಚು. 2024ರ ಲೋಕಸಭಾ ಚುನಾವಣೆಗೆ ಅವರಲ್ಲಿ ಹೆಸರು ನೋಂದಾಯಿಸಿದವರು 1,19,374 ಮಂದಿ, ಬಂದು ಮತ ಹಾಕಿದವರು 2,958. ಆ ಮೂರು ಸಾವಿರದಲ್ಲೂ 2,670 ಮಂದಿ ಕೇರಳದವರೇ. ಉಳಿದ ಇಡೀ ದೇಶಕ್ಕೆ, ನಮ್ಮ ಕರ್ನಾಟಕವೂ ಸೇರಿ, ಮುನ್ನೂರೂ ಇಲ್ಲ. ಆದರೆ ಈ ಅಂಕಿಯಿಂದ ಅವಸರದ ತೀರ್ಪು ಕೊಡುವುದು ಅನ್ಯಾಯವಾಗುತ್ತದೆ. ಕಾನೂನು 2010ರಲ್ಲಿ ತಿದ್ದುಪಡಿಯಾಗಿ ಅವರಿಗೆ ಮತದ ಹಕ್ಕು ಬಂತಾದರೂ ಊರಿನ ಮತಗಟ್ಟೆಗೆ ಖುದ್ದಾಗಿ ಬಂದೇ ಹಾಕಬೇಕು ಎಂಬ ಷರತ್ತು ಉಳಿದಿದೆ. ಒಂದು ಮತಕ್ಕಾಗಿ ಲಕ್ಷ ರೂಪಾಯಿಯ ವಿಮಾನ ಟಿಕೆಟ್ ತೆಗೆಯುವುದು ಎಲ್ಲರಿಂದಾಗುವ ಮಾತಲ್ಲ. ಹಾಗಾಗಿ ನಾನು ಈ ಅಂಕಿಯನ್ನು ಅಭಿಮಾನ ಅಳೆಯುವ ಮಾಪಕವಾಗಿ ನೋಡುವುದಿಲ್ಲ. ಹೊಣೆ ಹೊರುವ ದಾರಿ ಕಿರಿದಾದಾಗ ಮಾತಿನ ದಾರಿ ಅಗಲವಾಗುತ್ತದೆ ಎಂಬುದಷ್ಟೇ ಇದರಿಂದ ನನಗೆ ತಿಳಿಯುವುದು.

ಅಂದರೆ ದೂರವೇ ದೋಷವೇ? ಅಲ್ಲ ಎನ್ನಲು ನಮ್ಮ ನೆಲದಲ್ಲೇ ಗಟ್ಟಿ ಪುರಾವೆಯಿದೆ, ಅದೂ ಇದೇ ಸಂಡೂರು, ಹೊಸಪೇಟೆಯ ಕೆಂಪು ಗುಡ್ಡಗಳಲ್ಲಿ. ಎಸ್.ಆರ್. ಹಿರೇಮಠ ಅಮೆರಿಕದಲ್ಲಿ ಓದಿ ಷಿಕಾಗೊದಲ್ಲಿ ನೌಕರಿ ಮಾಡುತ್ತಿದ್ದವರು. 1974ರಲ್ಲಿ ಅಲ್ಲಿನ ಗೆಳೆಯರೊಡನೆ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆ ಕಟ್ಟಿದರು. 1979ರಲ್ಲಿ ಪತ್ನಿ ಶ್ಯಾಮಲಾ ಅವರೊಡನೆ ಹಿಂತಿರುಗಿ ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಎಂಬ ಹಳ್ಳಿಯಲ್ಲಿ ನೆಲೆಸಿದರು. 1984ರಲ್ಲಿ ಅವರ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ತುಂಗಭದ್ರೆಗೆ ವಿಷ ಸೇರುತ್ತಿದೆ ಎಂದು ಹರಿಹರದ ಕಾರ್ಖಾನೆಯ ವಿರುದ್ಧ ಎದ್ದ ಚಳವಳಿ, ಹಳ್ಳಿಗರ ಗೋಮಾಳಗಳನ್ನು ನೀಲಗಿರಿ ಬೆಳೆಸಲು ಕೊಟ್ಟ ಕರ್ನಾಟಕ ಪಲ್ಪ್‌ವುಡ್ ಯೋಜನೆಯ ವಿರುದ್ಧದ ಹೋರಾಟ, ಎರಡರಲ್ಲೂ ಅವರಿದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದದ್ದು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ. ಹಳ್ಳಿಗರು ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ಇದೂ ಪ್ರದರ್ಶನವೇ. ಮೂವತ್ತು ಸಾವಿರ ಹೆಕ್ಟೇರಿನ ಯೋಜನೆಗೆ ನೂರು ಸಸಿ ಯಾವ ಲೆಕ್ಕ? ಆದರೆ ಆ ನೂರು ಸಸಿಯ ಹಿಂದೆ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಸುಪ್ರೀಂ ಕೋರ್ಟಿನ ಮೊಕದ್ದಮೆಯಿತ್ತು, ಅದೇ ವರ್ಷ ಮಾರ್ಚ್‌ನಲ್ಲಿ ಸಿಕ್ಕ ತಡೆಯಾಜ್ಞೆಯಿತ್ತು, ಆ ನೆಲದಲ್ಲೇ ದನ ಮೇಯಿಸುವ ಜನರಿದ್ದರು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮುಚ್ಚಿತು. ನೀಲಗಿರಿ ಕಿತ್ತವರು ಮರುದಿನವೂ ಅಲ್ಲೇ ಇರುವವರು, ಪೊಲೀಸರಿಗೆ ಉತ್ತರ ಕೊಡಬೇಕಾದವರು, ನೆಟ್ಟ ಸಸಿಗೆ ನೀರು ಹಾಕಬೇಕಾದವರು. ತೋರಿಕೆಗೂ ಹೋರಾಟಕ್ಕೂ ಇರುವ ಗೆರೆ ನನಗೆ ಕಾಣುವುದು ಇಲ್ಲಿ.

ಇದೇ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅದು ಗಣಿಧಣಿಗಳ ದರ್ಬಾರನ್ನು ಕಂಡು 'ರಿಪಬ್ಲಿಕ್ ಆಫ್ ಬಳ್ಳಾರಿ' ಎಂಬ ಮಾತು ಹುಟ್ಟಿದ್ದ ಕಾಲ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಅದಕ್ಕಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ತೂಕದ ಚೀಟಿ, ಬಂದರಿನ ದಾಖಲೆಗಳನ್ನು ಒಂದೊಂದಾಗಿ ಜೋಡಿಸಿ ತೆಗೆದ ಲೆಕ್ಕ, ಸುಪ್ರೀಂ ಕೋರ್ಟು ಕಳಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯ ಪರಿಶೀಲನೆ, ಇವೆಲ್ಲ ಒಟ್ಟುಗೂಡಿ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಂತಿತು. 2013ರಲ್ಲಿ, ಅತಿ ಹೆಚ್ಚು ಉಲ್ಲಂಘನೆ ಮಾಡಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವಕ್ಕೆ ವರ್ಷಕ್ಕಿಷ್ಟೇ ಅದಿರು ಎಂಬ ಮಿತಿ ಬಿತ್ತು. ಹೊರದೇಶದಲ್ಲಿ ಬಾಳಿ ಬಂದ ಒಬ್ಬರ ಹೆಸರು ಈ ಕತೆಯಲ್ಲಿರುವುದು ಆಕಸ್ಮಿಕವಲ್ಲ. ಸ್ಥಳೀಯ ಒತ್ತಡಗಳಿಂದ ಸ್ವಲ್ಪ ದೂರ ನಿಂತವನಿಗೆ ಕೆಲವು ಸತ್ಯಗಳು ಬೇಗ ಕಾಣುತ್ತವೆ, ಅವನ್ನು ಹೇಳುವ ಧೈರ್ಯವೂ ಬರುತ್ತದೆ. ಅದಕ್ಕೂ ಹಿಂದೆ ಇಂಥದೇ ದಾರಿಯಲ್ಲಿ ನಡೆದವರು ಡಾ. ನಾ.ಸು. ಹರ್ಡೀಕರ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಹೋಮ್ ರೂಲ್ ಲೀಗಿನ ಕೆಲಸ ಮಾಡಿ, 1921ರಲ್ಲಿ ಹಿಂತಿರುಗಿ ಹುಬ್ಬಳ್ಳಿಯಿಂದ ಸೇವಾದಳ ಕಟ್ಟಿದರು. ಘಟಪ್ರಭೆಯ ಆರೋಗ್ಯಧಾಮದ ಸ್ಥಾಪಕರಲ್ಲೂ ಅವರೊಬ್ಬರು. ಹೊರಗಿದ್ದಾಗ ಮಾಡಿದ ಭಾಷಣಗಳಿಗೆ ಇಲ್ಲಿ ಬಂದು ಜಾಮೀನು ನಿಂತವರು ಇವರೆಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಸಂಡೂರಿನ ಲಾರಿ ಚಾಲಕನ ಬಾಯಿಂದಲೇ ಕೇಳಬೇಕು. ಗಣಿ ನಿಂತಾಗ ಕೆಲಸ ಹೋಗಿದ್ದು ಗಣಿಧಣಿಗಳದ್ದಲ್ಲ, ನಮ್ಮದು. ಸಾಲ ಮಾಡಿ ಕೊಂಡ ಲಾರಿಗಳು ಮನೆ ಮುಂದೆ ತುಕ್ಕು ಹಿಡಿದವು. ಎಲ್ಲಿಂದಲೋ ಬಂದವರು ಕೋರ್ಟಿಗೆ ಹೋಗಿ ನಮ್ಮ ಅನ್ನ ತೆಗೆದದ್ದನ್ನು ತೋರಿಕೆಯಲ್ಲದ ಹೋರಾಟ ಅಂತ ಹೊಗಳುವುದು ಹೇಗೆ? ಈ ನೋವು ನಿಜ, ಇದನ್ನು ಸಣ್ಣದು ಮಾಡುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುವುದಿಷ್ಟು: ಆ ಹೋರಾಟ ನಡೆದ ಜಾಗದಲ್ಲಿ ಎದುರು ಮಾತಿಗೆ ಅವಕಾಶವಿತ್ತು. ಅರ್ಜಿ ಹಾಕಿದವನು ಪ್ರಮಾಣಪತ್ರ ಸಲ್ಲಿಸಬೇಕು, ಎದುರಾಳಿ ವಕೀಲ ಅದನ್ನು ಸಾಲುಸಾಲಾಗಿ ಬಿಡಿಸಿ ಪ್ರಶ್ನಿಸುತ್ತಾನೆ, ಗಡಿ ಕಲ್ಲು ಎಲ್ಲಿದೆ ಎಂದು ಸರ್ವೆ ಆಗುತ್ತದೆ, ತಪ್ಪಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಹಾಗೆ ಜರಡಿ ಹಿಡಿದದ್ದರಿಂದಲೇ ಎಲ್ಲ ಗಣಿಗಳೂ ಒಂದೇ ಎಂದಾಗಲಿಲ್ಲ. ಎ, ಬಿ, ಸಿ ಎಂದು ಮೂರು ವರ್ಗವಾದವು, ತಪ್ಪು ಮಾಡದವು ಮೊದಲು ತೆರೆದವು. ತಾನು ತಪ್ಪೆಂದು ಸಾಬೀತಾಗುವ ಸಾಧ್ಯತೆಗೆ ತಲೆಯೊಡ್ಡಿದ ಹೋರಾಟ ಅದು. ಪೋಸ್ಟರಿಗೆ, ಹ್ಯಾಷ್‌ಟ್ಯಾಗಿಗೆ ಈ ಅಗ್ನಿಪರೀಕ್ಷೆ ಇಲ್ಲ. ಲಾರಿ ಚಾಲಕನ ಮಾತು ಅಲ್ಲಿ ಕೇಳಿಸಿದರೆ ಅವನನ್ನೂ ಒಂದು ಬಣಕ್ಕೆ ತಳ್ಳಿ ಮುಂದೆ ಹೋಗುತ್ತಾರೆ.

ಇನ್ನೊಂದು ಆಕ್ಷೇಪ ಪ್ರದರ್ಶನದ ಪರವಾದದ್ದು. 2010ರ ಜುಲೈ ಕೊನೆಯಲ್ಲಿ ಸಿದ್ದರಾಮಯ್ಯನವರ ಮುಂದಾಳ್ತನದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ಪಾದಯಾತ್ರೆ ನಡೆಯದಿದ್ದರೆ ಗಣಿ ಲೂಟಿ ನಾಡಿನ ಮನೆಮಾತಾಗುತ್ತಿತ್ತೇ? ಬಹುಶಃ ಅಷ್ಟು ಬೇಗ ಆಗುತ್ತಿರಲಿಲ್ಲ. ಜನರ ಕಣ್ಣು ಹೊರಳಿಸುವ ಶಕ್ತಿ ಪ್ರದರ್ಶನಕ್ಕಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2019ರ ಫೆಬ್ರುವರಿಯಲ್ಲಿ ಹಂಪಿಯ ಕಂಬವೊಂದನ್ನು ಯುವಕರು ತಳ್ಳಿ ಬೀಳಿಸುವ ವಿಡಿಯೊ ಹರಿದಾಡಿದಾಗ ಎದ್ದ ಸಿಟ್ಟು ದೂರದ ಕನ್ನಡಿಗರದ್ದೂ ಆಗಿತ್ತು, ಅದರಿಂದ ಕೆಲಸವೂ ಆಯಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬವನ್ನು ಪುರಾತತ್ವ ಇಲಾಖೆಯವರ ಎದುರಿನಲ್ಲಿ ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಆ ಸಿಟ್ಟಿಗೆ ಒಂದು ವಿಳಾಸವಿತ್ತು, ಕೇಳಿದ್ದು ಇಂಥದೇ ಎಂದು ಗೊತ್ತಿತ್ತು: ಆ ಕಂಬ, ಆ ಜಾಗ, ಆ ಕೈಗಳು. ಪಾದಯಾತ್ರೆ ಪರಿಣಾಮ ಬೀರಿದ್ದೂ ಅದರ ಪಕ್ಕದಲ್ಲಿ ಲೋಕಾಯುಕ್ತ ವರದಿಯೂ ಸುಪ್ರೀಂ ಕೋರ್ಟಿನ ಅರ್ಜಿಯೂ ಇದ್ದದ್ದರಿಂದ. ನಡೆದು ದಣಿದವರು ಊರಿಗೆ ಮರಳಿದ ಮೇಲೂ ಕಡತ ನಡೆಯುತ್ತಲೇ ಇತ್ತು.

ಪಕ್ಷ ಹಿಡಿಯದೆ ನಡುವೆ ನಿಲ್ಲುವುದು ಬಲವಿದ್ದವರಿಗೆ ಅನುಕೂಲ, ಅನ್ಯಾಯದ ಎದುರು ಧ್ರುವೀಕರಣವೇ ಸರಿ ಎನ್ನುವವರೂ ಇದ್ದಾರೆ. ಗಣಿ ಲೂಟಿಯ ವಿಷಯದಲ್ಲಿ ನಡುವೆ ನಿಲ್ಲಲು ಜಾಗವಿರಲಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ವಿಷಯದ ಮೇಲೆ ಗಟ್ಟಿಯಾಗಿ ಒಂದು ಕಡೆ ನಿಲ್ಲುವುದು ಬೇರೆ, ಬಣ ಹೇಳಿದ ಕಡೆಗೆ ವಿಷಯವನ್ನು ತಿರುಗಿಸುವುದು ಬೇರೆ. ಒಂದು ಪಕ್ಷದ ಸರ್ಕಾರವಿದ್ದಾಗ ಸಂಡೂರಿನ ಗುಡ್ಡಗಳಿಗಾಗಿ ಕೂಗಿದವರು ಇನ್ನೊಂದು ಪಕ್ಷ ಬಂದಾಗ ಸುಮ್ಮನಾದರೆ ಅವರು ನಿಂತದ್ದು ಗುಡ್ಡದ ಪರವಲ್ಲ. 2024ರಲ್ಲಿ ದೇವದಾರಿ ಗುಡ್ಡದಲ್ಲಿ ಕುದುರೆಮುಖ ಕಂಪನಿಯ ಗಣಿ ಯೋಜನೆಗೆ ಸುಮಾರು 400 ಹೆಕ್ಟೇರ್ ಅರಣ್ಯ ಹೋಗುತ್ತದೆ ಎಂಬ ಸುದ್ದಿ ಬಂದಾಗ ಈ ಪರೀಕ್ಷೆ ಮತ್ತೊಮ್ಮೆ ಎದುರಾಯಿತು. ಕೇಂದ್ರದ ಮಂತ್ರಿ ಒಂದು ಕಡೆ, ರಾಜ್ಯದ ಅರಣ್ಯ ಮಂತ್ರಿ ಇನ್ನೊಂದು ಕಡೆ ಆದ ಕೂಡಲೇ ಚರ್ಚೆ ಅವರಿಬ್ಬರ ಹೆಸರಿನಲ್ಲಿ ಹಂಚಿಹೋಯಿತು. ಕುಮಾರಸ್ವಾಮಿ ಗುಡಿಯ ಸುತ್ತಿನ ಆ ಕಾಡಿಗಾಗಿ ಹಿಂದಿನಿಂದಲೂ ದನಿಯೆತ್ತುತ್ತಿದ್ದ ಸಂಡೂರಿನವರ ಮಾತು ಆ ಗದ್ದಲದಲ್ಲಿ ಸಣ್ಣದಾಯಿತು.

ಬಣಗಳಿಲ್ಲದ ಕಡೆ ಗಮನವೂ ಇಲ್ಲದಿರುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಗಣಿಯಿಂದ ಹಾಳಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗದ ನೆಲ, ನೀರು, ಶಾಲೆ, ಆಸ್ಪತ್ರೆಗಳನ್ನು ಸರಿಪಡಿಸಲು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟು, ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತು. ಗಣಿ ಪರಿಸರ ಪುನಶ್ಚೇತನ ನಿಗಮದ ಕೈಯಲ್ಲಿರುವ ಈ ಹಣ ಸಂಡೂರು, ಹೊಸಪೇಟೆ ತಾಲೂಕುಗಳ ಮುಂದಿನ ಒಂದು ತಲೆಮಾರಿನ ಬದುಕನ್ನು ಬದಲಿಸಬಲ್ಲದು. ಯಾವ ಹಳ್ಳಿಗೆ ಯಾವ ಕುಡಿಯುವ ನೀರಿನ ಯೋಜನೆ ಬಂತು, ಯಾವ ಕೆರೆಯ ಹೂಳು ತೆಗೆದರು ಎಂಬುದನ್ನು ವಾರ ವಾರ ಕೇಳುವ ಗುಂಪುಗಳು ಎಷ್ಟಿವೆ? ಇದರಲ್ಲಿ 'ನಮ್ಮವರು', 'ಅವರು' ಇಲ್ಲ. ಆದ್ದರಿಂದ ಹಂಚಿಕೊಳ್ಳಲು ವಿಡಿಯೊವೂ ಇಲ್ಲ.

ದೂರದಲ್ಲಿರುವವರು ಇಲ್ಲೇನು ಮಾಡಬಹುದು ಎನ್ನುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಭಾರತದ ಪೌರತ್ವ ಇರುವವರು ಹೊರದೇಶದಿಂದಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಅನುಕೂಲವಾಗಲೆಂದು ಅಂಚೆ ಇಲಾಖೆ 2013ರ ಮಾರ್ಚ್‌ನಿಂದ ಇ-ಪೋಸ್ಟಲ್ ಆರ್ಡರ್ ವ್ಯವಸ್ಥೆ ತಂದಿದೆ. ಕೇಂದ್ರ ಸರ್ಕಾರದ ಅಧೀನದ ಸಂಸ್ಥೆಗಳಿಗೆ ಅದರ ಮೂಲಕ ಹತ್ತು ರೂಪಾಯಿ ಶುಲ್ಕ ಕಟ್ಟಬಹುದು, ತುಂಗಭದ್ರಾ ಮಂಡಳಿಯೂ ಅಂಥದೇ ಸಂಸ್ಥೆ. ಬೇರೆ ದೇಶದ ಪೌರತ್ವ ಪಡೆದವರು ಊರಿನಲ್ಲಿರುವ ತಮ್ಮನಿಗೋ ಅಕ್ಕನಿಗೋ ಪ್ರಶ್ನೆ ಬರೆದುಕೊಟ್ಟರೂ ಸಾಕು. ಕೇಳಬೇಕಾದದ್ದು ಇಷ್ಟೇ: 19ನೇ ಗೇಟಿನ ಚೈನನ್ನು ಆಗಸ್ಟ್ 10ಕ್ಕಿಂತ ಮುಂಚೆ ಕೊನೆಯ ಸಲ ಪರೀಕ್ಷಿಸಿದ್ದು ಯಾವ ದಿನ, ಪರೀಕ್ಷಿಸಿದವರು ಬರೆದಿಟ್ಟದ್ದೇನು, ಉಳಿದ 32 ಗೇಟುಗಳಲ್ಲಿ ಎಷ್ಟರ ಚೈನು ಈವರೆಗೆ ಬದಲಾಗಿದೆ. ಕಾನೂನಿನ ಪ್ರಕಾರ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಉತ್ತರದ ಪ್ರತಿಯನ್ನು ಎಮ್ಮಿಗನೂರಿನ ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಿಸಿದರೆ, ಕಾಲುವೆಗೆ ನೀರು ಬಿಡುವ ದಿನ ಕಾಯುವ ರೈತರು ಅದನ್ನು ನಿಂತು ಓದುತ್ತಾರೆ.